ನಾಲ್ಕನೆಯ ಮಗ್ಗುಲು

ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಎರಡು ಸರೋವರಗಳ ನಡುವಿನ ಪಿಸ್ಪಾಲಾ ದಿಬ್ಬದಲ್ಲಿ,
ಸಾರ್ವಜನಿಕ ಸೌನಾದ ಅಂಗಳದಲ್ಲಿ,
ಟವೆಲು ಸುತ್ತಿ ಕೂತಿದ್ದೇವೆ ಐದು ಜನ.
ಭುಜದಿಂದ ಹಬೆ ಏಳುತ್ತಿದೆ,
ಆಗತಾನೆ ಬಸಿದ ಆಲೂಗಡ್ಡೆಯ ಹಾಗೆ.
ಜಗಳ ಮಾತ್ರ ಇನ್ನೂ ಬೆಂದಿಲ್ಲ.

ಮೂರನೇ ಪಾಳಿ, ನಮ್ಮ ಬ್ಯಾಂಡು.
ಇಪ್ಪತ್ತಾರು ವರ್ಷ ನಮ್ಮ ಮದುವೆಗೆ, ಮುರಿದ ಮದುವೆಗೆ,
ಐಸ್ ಹಾಕಿಯಲ್ಲಿ ಸೋತು ಮನೆಗೆ ನಡೆದ ರಾತ್ರಿಗೆ
ಮೂರೇ ಸ್ವರ ಹಿಡಿದು ಗುಡುಗಿದವರು.
ಈಗ ಎರಡು ತಟ್ಟೆಯ ಹೊಸ ಆಲ್ಬಮ್ಮು:
ಒಂದು ಸರೋವರ ಹೆಪ್ಪುಗಟ್ಟುವ ಕಥೆಯಂತೆ.
ಮೊದಲ ಮಗ್ಗುಲಲ್ಲಿ ಅಕ್ಟೋಬರ್.
ಎರಡರಲ್ಲಿ ದೋಣಿಗಳನ್ನು ದಡಕ್ಕೆಳೆಯುವ ಸದ್ದು.
ಮೂರರಲ್ಲಿ ಒಬ್ಬ ಹೆಂಗಸು ಬಲೆಯ ಗಂಟು ಎಣಿಸುತ್ತಾಳೆ,
ಒಂದರಿಂದ ಮುನ್ನೂರ ಹನ್ನೆರಡರವರೆಗೆ, ಆತುರವಿಲ್ಲದೆ.
ನಾಲ್ಕರಲ್ಲಿ ಗಿಟಾರಿಲ್ಲ, ಡ್ರಮ್ಮಿಲ್ಲ, ಉರ್ಹೊನ ಗಂಟಲಿಲ್ಲ.
ಹೆಪ್ಪಿನ ಕೆಳಗೆ ಮೈಕು ಇಳಿಬಿಟ್ಟು
ಹದಿನೆಂಟು ನಿಮಿಷ ಸುಮ್ಮನೆ ಹಿಡಿದದ್ದು.

"ಥಂಡಿ ಬೇಕಾದರೆ ಬಾಗಿಲು ತೆಗೆದರೆ ಆಯಿತು,
ಅದಕ್ಕೂ ಮೂವತ್ತೆಂಟು ಯೂರೋ ತೆರಬೇಕೆ?"
ಎಂದ ಕಾಲೆರ್ವೊ. ಅವನ ತೋಳಿನಲ್ಲಿ
ಬ್ಯಾಂಡಿನ ಹಚ್ಚೆ, ಸೆಕೆಗೆ ಕೆಂಪಗೆ ಉಬ್ಬಿದೆ.
"ನಿನಗೆ ಬೇಕಾದ್ದು ಹಾಡಲ್ಲ, ನಿನ್ನ ಹತ್ತೊಂಬತ್ತನೇ ವಯಸ್ಸು,"
ತೂಲಿಕ್ಕಿ ಚುಚ್ಚಿದಳು.
"ಹೌದು, ಬೇಕು. ಕೊಡಲಿ."

ವೇಸಾ ನಮ್ಮಲ್ಲಿ ಕಿರಿಯ. ಮಾತಿಗೊಮ್ಮೆ ರಚನೆ, ರಚನೆ ಅನ್ನುತ್ತಾನೆ.
ಆರ್ಮಾಸ್ ನಿವೃತ್ತ ಅಂಚೆಯವ, ಪ್ರತಿ ಗಂಟನ್ನೂ ಎಣಿಸಿದ್ದಾನೆ:
"ಇನ್ನೂರ ಏಳನ್ನು ಬಿಟ್ಟಿದ್ದಾಳೆ ಕಣ್ರೋ.
ತಪ್ಪಿತೋ, ಬೇಕೆಂದೇ ಬಿಟ್ಟಳೋ?"
ಆಮೇಲೆ ಅರ್ಧ ಗಂಟೆ ಆ ಒಂದು ಗಂಟಿನ ಮೇಲೆ.
ಎತ್ತು ಏರಿಗೆ, ಕೋಣ ನೀರಿಗೆ;
ನೀರೋ, ಆಗಲೇ ಗಟ್ಟಿ.
ಬಿಯರಿನ ಕ್ಯಾನಿಗೆ ತುಟಿ ಅಂಟುತ್ತಿತ್ತು.
ಯಾರೂ ಒಳಗೆ ಹೋಗೋಣ ಅನ್ನಲಿಲ್ಲ.

"ನೀನು ಯಾವ ಕಡೆ?" ಅಂತ ನನ್ನ ಕೇಳುತ್ತಾರೆ.
ನನ್ನದು ಹಳೆಯ ರೆಕಾರ್ಡುಗಳ ಅಂಗಡಿ,
ಗಿರಾಕಿಯ ಗುಟ್ಟು ಗಲ್ಲಾದಲ್ಲೇ ಇರಬೇಕು.

ಹೋದ ಮಂಗಳವಾರ ಕಾಲೆರ್ವೊ ಅದನ್ನು ತಂದು
ಕೌಂಟರಿನ ಮೇಲೆ ಎಸೆದಿದ್ದ. ಹನ್ನೊಂದು ಯೂರೋ ಎಂದೆ.
ಎಣಿಸದೆ ಕಿಸೆಗೆ ಹಾಕಿ, ತಿರುಗಿ ನೋಡದೆ ಹೋದ.
ರಾತ್ರಿ ದೀಪದ ಕೆಳಗೆ ಓರೆ ಹಿಡಿದು ನೋಡಿದೆ:
ಮೂರು ಮಗ್ಗುಲು ಕಪ್ಪಗೆ, ಕನ್ನಡಿಯ ಹಾಗೆ,
ಸೂಜಿ ಒಂದೆರಡು ಸಲ ಮುಟ್ಟಿದ್ದರೆ ಹೆಚ್ಚು.
ನಾಲ್ಕನೆಯದು ಬೂದಿಯಾಗಿತ್ತು.
ಗೆರೆಗೆರೆಯೂ ಸವೆದು, ಅಂಚಿನಲ್ಲಿ ಹೆಬ್ಬೆರಳ ಜಿಡ್ಡು,
ಲೇಬಲ್ಲಿನ ತೂತಿನ ಸುತ್ತ ಕತ್ತಲಲ್ಲಿ ತಡಕಿದ ಗೀರು.
ಹಾಕಿ ಕೇಳಿದೆ. ಎಲ್ಲೋ ದೂರ ಠಪ್ ಎಂದು ಬಿರಿಯುತ್ತದೆ,
ಆಮೇಲೆ ಹತ್ತಿರ, ಆಮೇಲೆ ಕಾಲಡಿಯಲ್ಲೇ.
ಯಾವ ಬಿರುಕು ಸರೋವರದ್ದು,
ಯಾವುದು ಕಾಲೆರ್ವೊನದು,
ಈಗ ಬೇರೆ ಮಾಡುವ ಹಾಗಿಲ್ಲ.

ಹೆಂಡತಿ ಹೋದ ದುಃಖ ಅನ್ನೋಣವೆಂದರೆ
ಅವನ ಹೆಂಡತಿ ಚೆನ್ನಾಗಿಯೇ ಇದ್ದಾಳೆ,
ಗೋಡೆಯಾಚೆ, ಹೆಂಗಸರ ಕೋಣೆಯಲ್ಲಿ,
ಇಲ್ಲಿಗೂ ಕೇಳುವ ಹಾಗೆ ನಗುತ್ತಿದ್ದಾಳೆ.

ಕಿವಿ ಮರಗಟ್ಟಿದ ಮೇಲೆ ಎದ್ದೆವು.
ತೂಲಿಕ್ಕಿ ಆ ಕಡೆಯ ಬಾಗಿಲಿಗೆ ಹೊರಟವಳು
"ಇನ್ನೂರ ಏಳು!" ಎಂದು ಕೂಗಿ ಒಳಗಾದಳು.
ನಾವು ನಾಲ್ವರು ಮೇಲಿನ ಹಲಗೆಯಲ್ಲಿ,
ತಲೆ ತಗ್ಗಿಸಿ, ಪೆಟ್ಟು ತಿನ್ನಲು ಕೂತವರಂತೆ.
ಕಾಲೆರ್ವೊ ಸೌಟು ತುಂಬಿ ಕಲ್ಲಿನ ಮೇಲೆ ಸುರಿದ.
ಕಲ್ಲು ಬುಸುಗುಟ್ಟಿತು. ಮಾತು ನಿಂತಿತು.

"ಎರಡನೇ ಮಗ್ಗುಲಿನ ಕೊನೆ ಥೇಟ್ ಹೀಗೇ," ಎಂದ ವೇಸಾ.

"ಬಾಯಿ ಮುಚ್ಚು," ಎಂದ ಕಾಲೆರ್ವೊ.
ಇನ್ನೊಂದು ಸೌಟು ಎತ್ತಿದವನು, ಸುರಿಯದೆ,
ಆ ಬುಸುಗು ಪೂರ್ತಿ ಅಡಗುವವರೆಗೆ
ಕೈ ಮೇಲೆಯೇ ಹಿಡಿದಿದ್ದ.